ಒಂಟಿಯಾಗಿ ಆಡೋ ದಾಳದ ಆಟ: ಒಂಬತ್ತು ಸಲ ಸೋತೆ, ಇದು ಗರದ ತಪ್ಪಾ ನನ್ನ ತಪ್ಪಾ?

ರಾತ್ರಿಪಾಳಿ | ಭಾನುವಾರ ಬೆಳಗ್ಗೆ 6:50

ನಮಸ್ಕಾರ. ಇಲ್ಲಿ ಯಾವಾಗಲೂ ನಾಲ್ಕೈದು ಜನ ಸೇರಿ ಆಡೋ ಆಟಗಳ ಮಾತೇ ಜಾಸ್ತಿ. ನನ್ನದು ಬೇರೆ ಕಥೆ. ವಾರದಲ್ಲಿ ಐದು ದಿನ ರಾತ್ರಿ ಪಾಳಿ. ನಾನು ಮನೆಗೆ ಬರೋ ಹೊತ್ತಿಗೆ ಎಲ್ಲರೂ ಹೊರಡೋ ಗಡಿಬಿಡಿಯಲ್ಲಿ ಇರುತ್ತಾರೆ. ರಜೆ ದಿನ ರಾತ್ರಿ ನನಗೆ ನಿದ್ದೆ ಬರಲ್ಲ, ಬೇರೆಯವರು ಎದ್ದಿರಲ್ಲ.

ಅಮೆರಿಕದಿಂದ ಬಂದ ಭಾವ ಒಂದು ಪುಟ್ಟ ಡಬ್ಬಿ ಕೊಟ್ಟರು. ವನ್ ಡೆಕ್ ಡಂಜನ್ ಅಂತ. ಒಬ್ಬರೋ ಇಬ್ಬರೋ ಆಡಬಹುದು. ಒಂದು ಕಟ್ಟು ಎಲೆ (ಕಾರ್ಡು), ನಾಲ್ಕು ಬಣ್ಣದ 30 ದಾಳ, ಅಷ್ಟೇ. ನೆಲಮಾಳಿಗೆಗೆ ಇಳಿಯಬೇಕು, ಬಾಗಿಲು ತೆಗೆಯಬೇಕು, ಒಳಗೆ ಇರೋದರ ಜೊತೆ ಹೊಡೆದಾಡಬೇಕು, ಮೂರು ಅಂತಸ್ತು ದಾಟಿ ಕೊನೆಗೆ ದೊಡ್ಡ ರಾಕ್ಷಸ. ನಾನು ಡ್ರ್ಯಾಗನ್ ಗುಹೆಯಿಂದಲೇ ಶುರು ಮಾಡಿದೆ, ಹೊಸಬರಿಗೆ ಅದೇ ಸುಲಭ ಅಂತ.

ಒಂಬತ್ತು ಆಟ ಆಯ್ತು. ಒಂಬತ್ತೂ ಸೋಲು. ಡ್ರ್ಯಾಗನ್ ಮುಖವನ್ನೇ ನೋಡಿಲ್ಲ. ಎರಡನೇ ಅಂತಸ್ತಿನಲ್ಲೇ ಸಾಯ್ತೀನಿ. ಕೇಳೋದಿಷ್ಟು: ಇದು ಬರೀ ಅದೃಷ್ಟದ ಆಟವಾ? ಹಾಗಿದ್ದರೆ ಸುಮ್ನೆ ನಾಣ್ಯ ಚಿಮ್ಮಿಕೊಂಡು ಕೂತರೂ ಒಂದೇ ಅಲ್ವಾ?


ಗರಬಿತ್ತು | ಭಾನುವಾರ 9:15

ನನಗೆ ಮೂಲದಲ್ಲೇ ಒಂದು ಅನುಮಾನ. ‘ಎಲ್ಲರೂ ಒಟ್ಟಾಗಿ ಆಟವನ್ನು ಸೋಲಿಸಿ’ ಅನ್ನೋ ಆಟವನ್ನು ಒಬ್ಬರೇ ಆಡೋದು ಅಂದರೆ ಏನು? ಎದುರಾಳಿ ಇಲ್ಲ, ಜೊತೆಗಾರರೂ ಇಲ್ಲ. ಕಾಫಿಗೆ ಕರೆದು ತಾನೇ ಹೋಗಿ ತಾನೇ ಬಿಲ್ ಕೊಟ್ಟ ಹಾಗೆ.


ಅಜ್ಜಿಮನೆ_ಚೌಕಾಬಾರ | ಭಾನುವಾರ 10:02

@ಗರಬಿತ್ತು, ಅದು ಹಾಗಲ್ಲ. ಪ್ಯಾಂಡೆಮಿಕ್ ಅನ್ನೋ ಒಟ್ಟಾಗಿ ಆಡೋ ಆಟ ನೀವು ಆಡಿದ್ದೀರಿ ಅಂತ ಗೊತ್ತು, ಹೋದ ವರ್ಷ ಇಲ್ಲೇ ಬರೆದಿದ್ದಿರಿ. ಆವತ್ತು ನಾಲ್ಕು ಜನ ಕೂತಿದ್ದರು, ಆಡಿದ್ದು ಯಾರು? ನೀವೊಬ್ಬರೇ. ‘ನೀನು ಅಲ್ಲಿಗೆ ಹೋಗು, ನೀನು ಆ ಎಲೆ ಕೊಡು’ ಅಂತ. ಉಳಿದ ಮೂವರು ನಿಮ್ಮ ಕೈ ಆಗಿದ್ದರು. ಒಟ್ಟಾಗಿ ಆಡೋ ಆಟಗಳಿಗೆ ಇರೋ ಹಳೇ ಕಾಯಿಲೆ ಇದು. ಎಲ್ಲ ಮಾಹಿತಿ ಮೇಜಿನ ಮೇಲೇ ಬಿದ್ದಿರುತ್ತೆ, ಜಾಸ್ತಿ ಗೊತ್ತಿರೋನು ಯಜಮಾನಿಕೆ ಮಾಡ್ತಾನೆ. ಹಾಗಾಗಿ ಇಂಥ ಆಟ ಒಬ್ಬರಿಗೆ ಸಲೀಸಾಗಿ ಹೊಂದುತ್ತೆ. ಗುಟ್ಟು ಇಡೋಕೆ ಯಾರೂ ಇಲ್ಲ, ಜಗಳವೂ ಇಲ್ಲ.

@ರಾತ್ರಿಪಾಳಿ, ಸೋತ ಆಟದ ಒಂದು ಹೊಡೆದಾಟವನ್ನು ಇಲ್ಲಿ ಬರೆಯಿರಿ. ಯಾವ ದಾಳ ಎಷ್ಟು ಬಿತ್ತು, ಎಲೆಯ ಮೇಲೆ ಯಾವ ಮನೆ ಇತ್ತು. ಆಮೇಲೆ ಅದೃಷ್ಟದ ಮಾತು.


ರಾತ್ರಿಪಾಳಿ | ಭಾನುವಾರ 11:30

ಬರೆದಿಟ್ಟಿದ್ದೆ, ಸಿಟ್ಟಿಗೆ. ಆಟ ಗೊತ್ತಿಲ್ಲದವರಿಗೆ ಎರಡು ಮಾತು: ಹಳದಿ ಅಂದರೆ ಬಲ, ಗುಲಾಬಿ ಚುರುಕು, ನೀಲಿ ಮಾಯೆ. ಕಪ್ಪು ದಾಳ ಯಾವ ಬಣ್ಣದ ಜಾಗಕ್ಕಾದರೂ ನಡೆಯುತ್ತೆ. ಶತ್ರುವಿನ ಎಲೆ ಮೇಲೆ ಬಣ್ಣದ ಮನೆಗಳಿರುತ್ತವೆ, ಒಳಗೆ ಸಂಖ್ಯೆ. ಅದೇ ಬಣ್ಣದ, ಅಷ್ಟೋ ಅದಕ್ಕಿಂತ ಜಾಸ್ತಿಯೋ ಬಿದ್ದ ದಾಳ ಇಟ್ಟರೆ ಮನೆ ತುಂಬಿತು. ಅಗಲದ ಮನೆಗೆ ಹಲವು ದಾಳ ಕೂಡಿಸಿ ಇಡಬಹುದು. ತುಂಬದ ಪ್ರತಿ ಮನೆಗೂ ಜೀವ ಇಲ್ಲವೇ ಸಮಯ ಕಳೆಯುತ್ತೆ.

ನನ್ನ ಯೋಧೆಗೆ ಬಿದ್ದದ್ದು:
ಹಳದಿ 6, 5, 3, 2, 2
ಗುಲಾಬಿ 4, 4
ನೀಲಿ 1

ತುಂಬಬೇಕಿದ್ದ ಮನೆಗಳು: ಅಗಲದ ಹಳದಿ 9, ಸಣ್ಣ ಹಳದಿ 3, ಗುಲಾಬಿ 4, ನೀಲಿ 4.

ನಾನು 6 ಮತ್ತು 3 ಕೂಡಿಸಿ ಅಗಲದ ಮನೆಗೆ ಇಟ್ಟೆ. 5 ಸಣ್ಣ ಹಳದಿಗೆ. ಗುಲಾಬಿ 4 ಗುಲಾಬಿಗೆ. ನೀಲಿಗೆ ಏನೂ ಇಲ್ಲ, ಇದ್ದ ಒಂದು ನೀಲಿಯೂ 1. ಎರಡು ಜೀವ ಹೋಯ್ತು. ಇದರಲ್ಲಿ ನಾನೇನು ಮಾಡಬಹುದಿತ್ತು ಹೇಳಿ.


ಅಜ್ಜಿಮನೆ_ಚೌಕಾಬಾರ | ಭಾನುವಾರ 11:48

ನಾಲ್ಕೂ ಮನೆ ತುಂಬಬಹುದಿತ್ತು.

ಯಾವ ಬಣ್ಣದ್ದೇ ಆಗಲಿ, ಎರಡು ದಾಳ ಕೊಟ್ಟು ಒಂದು ಕಪ್ಪು ತಗೋಬಹುದು. ಎರಡರಲ್ಲಿ ಯಾವುದು ಕಮ್ಮಿಯೋ ಕಪ್ಪಿನ ಬೆಲೆ ಅಷ್ಟು. ಈ ನಿಯಮ ನೆನಪಿದೆ ತಾನೆ? ಈಗ ನೋಡಿ. 5, 2, 2 ಕೂಡಿಸಿ ಒಂಬತ್ತು, ಅಗಲದ ಮನೆ ಮುಗೀತು. 3 ಸರಿಯಾಗಿ ಸಣ್ಣ ಹಳದಿಗೆ. ಒಂದು ಗುಲಾಬಿ 4 ಗುಲಾಬಿಗೆ. ಕೈಯಲ್ಲಿ ಉಳಿದದ್ದು ಹಳದಿ 6, ಗುಲಾಬಿ 4. ಎರಡನ್ನೂ ಕೊಡಿ, ಕಪ್ಪು 4 ಬಂತು. ನೀಲಿ ಮನೆಯಲ್ಲಿ ಕೂರಿಸಿ. ಆ ದರಿದ್ರ ನೀಲಿ 1 ಬೇಕಾಗಲೇ ಇಲ್ಲ.

ನೀವು ಮಾಡಿದ್ದು ಎಲ್ಲರೂ ಮಾಡೋದೇ. ಆರು ಬಿದ್ದ ಖುಷಿಗೆ ಅದನ್ನು ಮೊದಲು ದೊಡ್ಡ ಮನೆಗೆ ಎಸೀತೀವಿ. ನಾನು ಉಲ್ಟಾ ಮಾಡ್ತೀನಿ. ಮೊದಲು ಚಿಲ್ಲರೆ ಖರ್ಚು, ನೋಟು ಆಮೇಲೆ. ದೊಡ್ಡ ದಾಳ ಕಪ್ಪಾಗಿ ಬದಲಾಗೋಕೆ ಉಳಿದಿರಬೇಕು.


ರಾತ್ರಿಪಾಳಿ | ಭಾನುವಾರ 11:55

ಅಯ್ಯೋ. ಹತ್ತು ನಿಮಿಷ ಆ ದಾಳಗಳನ್ನೇ ನೋಡ್ತಾ ಕೂತಿದ್ದೆ ಸ್ವಾಮಿ.


ಲೆಕ್ಕದ_ಮೇಷ್ಟ್ರು | ಭಾನುವಾರ ಮಧ್ಯಾಹ್ನ 2:20

ಅದೃಷ್ಟ ಎಷ್ಟು ಅನ್ನೋದನ್ನೂ ಎಣಿಸಬಹುದು. 5 ಬೇಡೋ ಒಂದು ಮನೆ ಇದೆ ಅಂದುಕೊಳ್ಳಿ. ಆ ಬಣ್ಣದ ಒಂದೇ ದಾಳ ಇದ್ದರೆ ತುಂಬೋ ಅವಕಾಶ 33%. ಎರಡಿದ್ದರೆ 56%. ಮೂರಿದ್ದರೆ 27ರಲ್ಲಿ 19 ಸಲ, ಅಂದರೆ 70%. ಐದರಿಂದ ಆರಕ್ಕೆ ಹೋದರೆ? 87ರಿಂದ 91. ಅಷ್ಟೇ.

ಅಂದರೆ ಐದು ಹಳದಿ ಇರೋ ಯೋಧೆಗೆ ಆರನೇ ಹಳದಿ ದಾಳ ಕೊಡೋ ಕತ್ತಿ ಸಿಕ್ಕರೆ ಕುಣಿಯಬೇಡಿ. ಎರಡನೇ ನೀಲಿ ಕೊಡೋ ವಸ್ತು ಮೇಲು. ಅಗಲದ ಹಳದಿ ಮನೆಗಳಿಗೆ ಮಾತ್ರ ಪ್ರತಿ ಹೆಚ್ಚುವರಿ ದಾಳ ಸರಾಸರಿ ಮೂರೂವರೆ ಸೇರಿಸುತ್ತೆ, ಅದು ಬೇರೆ ಲೆಕ್ಕ.

ದಾಳದ ಲೆಕ್ಕಕ್ಕೆ ದೊಡ್ಡ ಇತಿಹಾಸವೇ ಇದೆ. ನಾಲ್ಕು ಸಲ ಎಸೆದರೆ ಒಂದಾದರೂ ಆರು ಬೀಳೋದು 51.8%. ಎರಡು ದಾಳ 24 ಸಲ ಎಸೆದರೆ ಒಂದಾದರೂ ಜೋಡಿ ಆರು ಬೀಳೋದು 49.1%. ಇದು ಫ್ರೆಂಚ್ ಜೂಜುಕೋರರ ತಲೆ ಕೆಡಿಸಿದ್ದ ಲೆಕ್ಕ. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಕಾಗದ ಬರೆದುಕೊಂಡದ್ದು ಇಂಥ ಜೂಜಿನ ಪ್ರಶ್ನೆಗಳ ಮೇಲೇ. ತರಗತಿಯಲ್ಲಿ ಇದನ್ನು ಹೇಳಿದರೆ ಹಿಂದಿನ ಬೆಂಚೂ ಎದ್ದು ಕೂರುತ್ತೆ.


ಗರಬಿತ್ತು | ಭಾನುವಾರ 2:41

ಮೇಷ್ಟ್ರೇ, ನಮ್ಮ ಚೌಕಾಬಾರದಲ್ಲಿ ‘ಬಾರ’ ಬೀಳೋದು ಎಷ್ಟು?


ಲೆಕ್ಕದ_ಮೇಷ್ಟ್ರು | ಭಾನುವಾರ 2:50

ನಾಲ್ಕು ಕವಡೆ, ಒಂದೊಂದೂ ಅಂಗಾತ, ಬೋರಲು ಸಮವಾಗಿ ಬೀಳುತ್ತೆ ಅಂತ ಹಿಡಿದರೆ ಒಟ್ಟು 16 ರೀತಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, 16ರಲ್ಲಿ ಒಂದು. ನಾಲ್ಕೂ ಬೋರಲಾದರೆ ಬಾರ, ಅದೂ 16ರಲ್ಲಿ ಒಂದು. ಎರಡು ಬೀಳೋದು 16ರಲ್ಲಿ ಆರು. ಆದರೆ ಕವಡೆ ನಾಣ್ಯದ ಹಾಗೆ ಸಮ ಅಲ್ಲ, ಒಂದೊಂದರ ಹೊಟ್ಟೆ ಒಂದೊಂದು ಥರ. ನಮ್ಮ ಅತ್ತೆ ಒಂದು ಕವಡೆಯನ್ನು ಯಾರಿಗೂ ಕೊಡುತ್ತಿರಲಿಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತೆ.


ಕರಾವಳಿ_ಕಾಯಿ | ಭಾನುವಾರ ಸಂಜೆ 7:10

ಮಾರಾಯ್ರೆ, ದಾಳದ ಆಟ ಅಂದ ಮೇಲೆ ಟೂ ಮೆನಿ ಬೋನ್ಸ್ ಬಗ್ಗೆ ಯಾರೂ ಮಾತಾಡಿಲ್ಲವಲ್ಲ. ಚಿಪ್ ಥಿಯರಿ ಗೇಮ್ಸ್ ಕಂಪನಿಯದ್ದು, 2017. ಒಬ್ಬರಿಂದ ನಾಲ್ಕು ಜನ. ಇಂಗ್ಲಿಷಿನಲ್ಲಿ ದಾಳಕ್ಕೆ ‘ಬೋನ್ಸ್’ ಅನ್ನೋ ಅಡ್ಡಹೆಸರಿದೆ, ಹಿಂದೆ ಮೂಳೆಯಲ್ಲಿ ಮಾಡುತ್ತಿದ್ದರಲ್ಲ.

ಗಿಯರ್‌ಲಾಕ್ ಅನ್ನೋ ಕುಳ್ಳ ಜನ ಇದರ ನಾಯಕರು. ಪ್ಯಾಚಸ್ ವೈದ್ಯ, ಬೂಮರ್ ಬಾಂಬ್ ಮಾಡುವವಳು, ಪಿಕೆಟ್ ಗುರಾಣಿ ಹಿಡಿದವನು, ಟ್ಯಾಂಟ್ರಮ್‌ಗೆ ಹೆಸರೇ ಸಾಕು, ಸಿಟ್ಟು. ಒಬ್ಬೊಬ್ಬರಿಗೂ ಅವರದ್ದೇ 16 ಕೌಶಲದ ದಾಳ. ಬೇರೆ ಆಟಗಳಲ್ಲಿ ಹಾಳೆ ಮೇಲೆ ಅಂಕೆ ಏರಿಸ್ತೀರಿ, ಇಲ್ಲಿ ಮಟ್ಟ ಏರಿದಾಗ ಕೈಗೆ ಹೊಸ ದಾಳವೇ ಬರುತ್ತೆ. ಅದರ ಮುಖಗಳಲ್ಲಿ ಚಿತ್ರಗಳಿರುತ್ತವೆ. ಜೀವ ಲೆಕ್ಕಕ್ಕೆ ಭಾರದ ಪೋಕರ್ ಬಿಲ್ಲೆ. ಎಲೆಗಳು ಪ್ಲಾಸ್ಟಿಕ್, ನೀರು ಬಿದ್ದರೂ ಒರೆಸಿದರೆ ಆಯ್ತು. ಜುಲೈನಲ್ಲಿ ನಮ್ಮೂರಲ್ಲಿ ಕಾಗದದ ಎಲೆಗಳೆಲ್ಲ ಹಪ್ಪಳದ ಹಾಗೆ ಬಾಗ್ತವೆ. ಇದು ಮಾತ್ರ ನೆಟ್ಟಗೆ ಕೂತಿದೆ.

ನನಗೆ ಇದರಲ್ಲಿ ತುಂಬಾ ಇಷ್ಟದ ಸಂಗತಿ ಒಂದಿದೆ. ದಾಳದಲ್ಲಿ ಮೂಳೆಯ ಚಿತ್ರ ಬಿದ್ದರೆ ಆ ಗರ ವ್ಯರ್ಥ. ಆದರೆ ಆ ದಾಳವನ್ನು ಬಿಸಾಡೋ ಬದಲು ‘ಬ್ಯಾಕಪ್ ಪ್ಲ್ಯಾನ್’ ಸಾಲಿನಲ್ಲಿ ಕೂಡಿಡಬಹುದು. ಮೂಳೆ ಸೇರಿದಷ್ಟೂ ಬೇರೆಯೇ ಒಂದು ದೊಡ್ಡ ಏಟು ಸಿದ್ಧವಾಗುತ್ತೆ. ಕೆಟ್ಟ ಗರವನ್ನು ಹುಂಡಿಗೆ ಹಾಕಿದ ಹಾಗೆ! ರಾತ್ರಿಪಾಳಿಯವರ ಕಪ್ಪು ದಾಳದ ನಿಯಮವೂ ಇದೇ ಜಾತಿ. ಒಳ್ಳೆ ದಾಳದ ಆಟಗಳು ಬಿದ್ದದ್ದನ್ನು ಏನು ಮಾಡ್ತೀಯ ಅಂತ ಎರಡನೇ ಸಲ ಕೇಳ್ತವೆ.

ಶತ್ರುಗಳ ಲೆಕ್ಕವೂ ಒಂಟಿಯವರಿಗೆ ಹೊಂದುತ್ತೆ. ಎಷ್ಟನೇ ದಿನ ಅನ್ನೋದನ್ನು ಎಷ್ಟು ನಾಯಕರು ಅನ್ನೋದರಿಂದ ಗುಣಿಸಬೇಕು, ಅಷ್ಟು ಅಂಕದ ಪುಂಡರು ಬರ್ತಾರೆ. ನಾಲ್ಕನೇ ದಿನ ಒಬ್ಬರೇ ಇದ್ದರೆ 4. ಇಬ್ಬರಾದರೆ 8.

ತೊಂದರೆಯೂ ಹೇಳಿಬಿಡ್ತೇನೆ. ಬೆಲೆ ಜಾಸ್ತಿ, ಭಾರವೂ ಜಾಸ್ತಿ. ವಿದೇಶದಿಂದ ತರಿಸಿದೆ. ಡಬ್ಬಿ ಬಂದಾಗ ಸುಂಕ, ಅದರ ಮೇಲೆ ಕೊರಿಯರ್‌ನವರ ‘ನಿರ್ವಹಣೆ’ ಖರ್ಚು, ಅದರ ರಸೀದಿಗೆ ಮೂರು ವಾರ ಫೋನ್. ಮನೆಯಲ್ಲಿ ನಿಜವಾದ ಬೆಲೆ ಇವತ್ತಿಗೂ ಹೇಳಿಲ್ಲ. ನಿಯಮ ಕಲಿಯೋಕೆ ಎರಡು ಸಂಜೆ ಬೇಕು. ಬೂಮರ್‌ಳ ದಾಳಗಳ ಹಾಳೆ ನೋಡದೆ ನಾನು ಈಗಲೂ ಆಡಲಾರೆ.


ಗರಬಿತ್ತು | ಭಾನುವಾರ 7:32

ಒಬ್ಬರೇ ಕೂತು ಇಬ್ಬರು ನಾಯಕರನ್ನು ಆಡಿಸೋದೂ ಉಂಟಾ? ಅದು ನನಗೆ ಇನ್ನೂ ವಿಚಿತ್ರ.


ಕರಾವಳಿ_ಕಾಯಿ | ಭಾನುವಾರ 7:45

ಉಂಟು, ನಾನು ಹೆಚ್ಚಾಗಿ ಹಾಗೇ ಆಡೋದು. ಪ್ಯಾಚಸ್ ಒಬ್ಬನೇ ಇದ್ದರೆ ಮದ್ದು ಮಾಡೋದು ಯಾರಿಗೆ? ಪಿಕೆಟ್ ಮುಂದೆ, ಪ್ಯಾಚಸ್ ಹಿಂದೆ. ಆಗ ಆಟಕ್ಕೆ ರುಚಿ. ತಲೆನೋವೂ ಎರಡರಷ್ಟು, ಒಪ್ಪಿದೆ.


ಅಜ್ಜಿಮನೆ_ಚೌಕಾಬಾರ | ಭಾನುವಾರ 8:05

ನನಗೆ ಅದು ಆಗಿಬರಲ್ಲ. ಎರಡು ಕೈ ಅಂದ ಕೂಡಲೇ ಆಟ ಹೋಗಿ ಗುಮಾಸ್ತಿಕೆ ಬರುತ್ತೆ. ಇವನ ಜೀವ ಎಷ್ಟು, ಅವಳ ದಾಳ ಯಾವುದು, ಈಗ ಸರದಿ ಯಾರದ್ದು. ಒಬ್ಬ ನಾಯಕಿ, ಒಂದು ಕಟ್ಟು, ಅರ್ಧ ಮುಕ್ಕಾಲು ಗಂಟೆ, ಮಲಗು. ವನ್ ಡೆಕ್ ಡಂಜನ್ ನನಗೆ ಹಿಡಿಸಿದ್ದೇ ಅದಕ್ಕೆ. ಇನ್ನೊಂದು, ಅದರ ಐದೂ ನಾಯಕರು ಹೆಂಗಸರು: ಯೋಧೆ, ಮಂತ್ರವಾದಿನಿ, ಬಿಲ್ಲುಗಾತಿ, ಕಳ್ಳಿ, ಪ್ಯಾಲಡಿನ್ ಅನ್ನೋ ಧರ್ಮಯೋಧೆ. ಡಬ್ಬಿಯ ಮೇಲೆ ಅದನ್ನೊಂದು ದೊಡ್ಡ ಸುದ್ದಿ ಮಾಡದೆ ಸುಮ್ನೆ ಹಾಗೇ ಮಾಡಿಟ್ಟಿದ್ದಾರೆ. ನನ್ನ ಮಗಳಿಗೆ ಅದು ವಿಶೇಷ ಅಂತ ಅನಿಸಲೇ ಇಲ್ಲ, ನನಗೆ ಮಾತ್ರ ಅನಿಸಿತು.


ಡಬ್ಲಿನ್_ತಿಂಡಿಪೋತ | ಸೋಮವಾರ ಬೆಳಗಿನ ಜಾವ 3:30

ದುಡ್ಡಿನ ಮಾತು ಬಂತಲ್ಲ. ಎರಡು ದಾಳ, ಒಂದು ಪೆನ್ಸಿಲ್, ಚೌಕುಳಿ ಹಾಳೆ ಇದ್ದರೆ ಆಡೋ ಆಟ ಫೋರ್ ಅಗೇನ್ಸ್ಟ್ ಡಾರ್ಕ್‌ನೆಸ್. ನಾಲ್ಕು ಸಾಹಸಿಗಳು, ನೀವೊಬ್ಬರೇ. ದಾಳ ಹಾಕಿ ಕೋಣೆಯ ಆಕಾರ ನೋಡ್ಕೊಂಡು ಹಾಳೆ ಮೇಲೆ ನೀವೇ ನಕ್ಷೆ ಬರೀತಾ ಹೋಗಬೇಕು. ಹೊಡೆಯೋಕೆ ದಾಳ ಹಾಕಿ 6 ಬಿದ್ದರೆ ಇನ್ನೊಮ್ಮೆ ಹಾಕಿ ಕೂಡಿಸ್ತೀರಿ, ಮತ್ತೆ 6 ಬಿದ್ದರೆ ಮತ್ತೂ ಒಮ್ಮೆ. ಸಾಯಲಿದ್ದ ಮಂತ್ರವಾದಿ ಮೂರು ಆರು ಹಾಕಿ ದೈತ್ಯನನ್ನು ಕೆಡವಿದ್ದು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ, ಪಕ್ಕದಲ್ಲಿ ಚಹಾದ ಕಲೆ.

ಶಿವಮೊಗ್ಗದಲ್ಲಿರೋ ತಂಗಿ ಜೊತೆ ವಿಡಿಯೋ ಕಾಲ್‌ನಲ್ಲೂ ಆಡ್ತೀನಿ. ನಾನು ನಕ್ಷೆ ಬರೀತೀನಿ, ಅವಳು ದಾಳ ಹಾಕ್ತಾಳೆ. ಅವಳು ಹೇಳಿದ ಅಂಕೆಯನ್ನು ನಾನು ನಂಬ್ತೀನಿ. ನಂಬಬಾರದು ಅಂತ ಗೊತ್ತಿದೆ.


ಬಣ್ಣದ_ಗೊಂದಲ | ಸೋಮವಾರ 8:40

ವನ್ ಡೆಕ್ ಡಂಜನ್ ಕೊಳ್ಳೋರಿಗೆ ಒಂದು ಮಾತು. ನನಗೆ ಕೆಂಪು, ಹಸಿರು ಸರಿಯಾಗಿ ಬೇರೆ ಕಾಣಲ್ಲ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಆ ಗುಲಾಬಿ ಮತ್ತು ನೀಲಿ ಒಂದೇ ಬೂದು. ಎರಡು ಆಟ ಗುಲಾಬಿ ಮನೆಗಳಿಗೆ ನೀಲಿ ಇಟ್ಟು ಗೆದ್ದು ಬೀಗಿದೆ, ಮಗ ನೋಡಿ ನಕ್ಕ. ಆಮೇಲೆ ಗುಲಾಬಿ ಬದಲಿಗೆ ಹಳೇ ಲೂಡೋದ ಬಿಳಿ ದಾಳ ತಂದು ಹಾಕಿದೆ. ನಾಲ್ಕು ಮನೆಯ ಲೂಡೋ ಲೂಟಿ ಮಾಡಬೇಕಾಯ್ತು.

ಸದ್ದಿನ ತೊಂದರೆಯೂ ಇದೆ. ರಾತ್ರಿ ಎರಡಕ್ಕೆ ಎಂಟು ದಾಳ ಮರದ ಮೇಜಿನ ಮೇಲೆ ಬಿದ್ದರೆ ಮನೆ ಎಲ್ಲ ಏಳುತ್ತೆ. ಚಪಾತಿ ಡಬ್ಬಿಯೊಳಗೆ ಟವೆಲ್ ಹಾಸಿ ಅದರಲ್ಲಿ ಉರುಳಿಸಿ.


ಗರಬಿತ್ತು | ಸೋಮವಾರ 9:05

ಫೋನಿನಲ್ಲೇ ಆಡಬಹುದಲ್ಲ? ಅದರದ್ದು ಆ್ಯಪ್ ಇದೆ ಅಂತ ನೋಡಿದೆ. ಟವೆಲ್ ಬೇಡ, ಲೂಡೋ ಲೂಟಿಯೂ ಬೇಡ.


ಬಣ್ಣದ_ಗೊಂದಲ | ಸೋಮವಾರ 9:20

ಇದೆ, ಹ್ಯಾಂಡೆಲಾಬ್ರದವರು ಮಾಡಿದ್ದು, ಚೆನ್ನಾಗೂ ಇದೆ. ಬಸ್ಸಿನಲ್ಲಿ ಆಡ್ತೀನಿ. ನಿಯಮ ತಪ್ಪೋಕೆ ಅದು ಬಿಡಲ್ಲ, ಅದೇ ದೊಡ್ಡ ಉಪಕಾರ. ಆದರೆ ಇಡೀ ದಿನ ಪರದೆ ನೋಡಿದ ಮೇಲೆ ಕೈಗೆ ಎಂಟು ದಾಳದ ಭಾರ ಬೇಕು ಅನಿಸುತ್ತೆ.


ರಾತ್ರಿಪಾಳಿ | ಸೋಮವಾರ ಸಂಜೆ 5:15

ಚಪಾತಿ ಡಬ್ಬಿ ಕೆಲಸ ಮಾಡಿತು. ಹತ್ತನೇ ಆಟ ಕಪ್ಪು ದಾಳದ ಉಪಾಯದಲ್ಲೇ ಆಡಿದೆ. ಮೊದಲಿಗಿಂತ ಚೆನ್ನಾಗಿ ಹೋಯ್ತು. ಆದರೂ ಎರಡನೇ ಅಂತಸ್ತಿನಲ್ಲಿ ಸತ್ತೆ. ಐದು ಬಾಗಿಲು ತೆಗೆದೆ, ಅದರಲ್ಲಿ ಎಲ್ಲ ಮನೆ ತುಂಬಿ ಗೆದ್ದದ್ದು ಎರಡೇ. ಉಳಿದ ಮೂರು ಎಲೆ ಬಿಸಾಡಬೇಕಾಯ್ತು. ವಸ್ತುಗಳೇ ಸಿಗಲ್ಲ, ದಾಳ ಹೆಚ್ಚಾಗೋದು ಹೇಗೆ?


ಅಜ್ಜಿಮನೆ_ಚೌಕಾಬಾರ | ಸೋಮವಾರ 5:22

ಒಂದು ನಿಮಿಷ. ಉಳಿದ ಮೂರು ಎಲೆ ಏನು ಮಾಡಿದಿರಿ ಅಂದಿರಿ?


ರಾತ್ರಿಪಾಳಿ | ಸೋಮವಾರ 5:24

ಬಿಸಾಡಿದೆ. ಸೋತೆನಲ್ಲ.


ಅಜ್ಜಿಮನೆ_ಚೌಕಾಬಾರ | ಸೋಮವಾರ 5:31

ಸ್ವಾಮೀ!! ಮನೆ ತುಂಬದಿದ್ದರೂ ಎಲೆ ನಿಮ್ಮದೇ!

ಈ ಆಟದಲ್ಲಿ ಒಂದು ಹೊಡೆದಾಟಕ್ಕೆ ಇಳಿದ ಮೇಲೆ ‘ಸೋಲು’ ಅನ್ನೋದು ಸತ್ತರೆ ಮಾತ್ರ. ಖಾಲಿ ಉಳಿದ ಮನೆಗಳ ಲೆಕ್ಕದಲ್ಲಿ ಜೀವ, ಸಮಯ ಕಟ್ಟಿ. ಇನ್ನೂ ಉಸಿರಿದ್ದರೆ ಆ ಎಲೆ ತಗೊಳ್ಳಿ. ಅದನ್ನು ಅನುಭವವಾಗಿ ಇಡಿ, ಇಲ್ಲವೇ ಅಂಚು ಮಾತ್ರ ಕಾಣೋ ಹಾಗೆ ನಾಯಕಿಯ ಎಲೆಯ ಕೆಳಗೆ ಸಿಕ್ಕಿಸಿ, ವಸ್ತುವಾಗಿಯೋ ವಿದ್ಯೆಯಾಗಿಯೋ. ಶತ್ರು, ಬಹುಮಾನ, ಅನುಭವ, ಎಲ್ಲ ಒಂದೇ ಎಲೆ. ಡಬ್ಬಿಗೆ ‘ಒಂದೇ ಕಟ್ಟು’ ಅಂತ ಹೆಸರಿಟ್ಟಿದ್ದೇ ಅದಕ್ಕೆ. ಬಲೆ, ಬಂಡೆ ಕುಸಿತದಂಥ ಅಪಾಯದ ಎಲೆಗಳಿಗೂ ಇದೇ ನಿಯಮ.

ಹತ್ತು ಆಟ ನೀವು ಬರಿಗೈಲಿ ಆಡಿದ್ದೀರಿ.


ಲೆಕ್ಕದ_ಮೇಷ್ಟ್ರು | ಸೋಮವಾರ 5:40

ಗರದ ತಪ್ಪಾ, ನನ್ನ ತಪ್ಪಾ ಅಂತ ಕೇಳಿದ್ದಿರಿ. ನಿಯಮದ ಪುಸ್ತಕ ಓದಿದ್ದು ಪಾಳಿ ಮುಗಿಸಿ ಬಂದ ಮೇಲಾ?


ರಾತ್ರಿಪಾಳಿ | ಸೋಮವಾರ 5:44

ಬೆಳಗ್ಗೆ ಏಳಕ್ಕೆ. ಅರ್ಧ ಕಣ್ಣು ಮುಚ್ಚಿತ್ತು.


ಅಜ್ಜಿಮನೆ_ಚೌಕಾಬಾರ | ಸೋಮವಾರ 6:10

ಇರಲಿ, ನಾನು ಮೊದಲ ವಾರ ಸಮಯ ಕಳೆಯೋದನ್ನೇ ಮರೆತಿದ್ದೆ. ಪ್ರತಿ ಸರದಿ ಶುರುವಿನಲ್ಲಿ ಕಟ್ಟಿನ ಮೇಲಿನ ಎರಡು ಎಲೆ ಪಕ್ಕಕ್ಕೆ ಹೋಗಬೇಕು. ನಾನು ಆರಾಮಾಗಿ ಎಲ್ಲ ಬಾಗಿಲೂ ತೆಗೆದು, ಎಲ್ಲ ವಸ್ತು ಹೊತ್ತು, ಮದುವೆ ಹೆಣ್ಣಿನ ಹಾಗೆ ಸಿಂಗರಿಸಿಕೊಂಡು ಡ್ರ್ಯಾಗನ್ ಹತ್ತಿರ ಹೋಗ್ತಿದ್ದೆ.

ಅದಕ್ಕೇ ಇನ್ನೊಂದು ಸಲಹೆ. ಬಾಗಿಲು ತೆಗೆದ ಮೇಲೂ ಹೊಡೆದಾಡಲೇಬೇಕು ಅಂತಿಲ್ಲ, ಎಲೆಯನ್ನು ಹಾಗೇ ಬಿಟ್ಟು ಓಡಬಹುದು. ಆದರೆ ಕಳೆದ ಎರಡು ಎಲೆ ವಾಪಸ್ ಬರಲ್ಲ. ಕಟ್ಟು ಮುಗಿದ ಮೇಲೂ ಅದೇ ಅಂತಸ್ತಿನಲ್ಲಿ ಸುತ್ತಿದರೆ ಏಟು ಬೀಳ್ತಾ ಹೋಗುತ್ತೆ. ಒಂದು ಜೀವ ಕೊಟ್ಟು ಒಳ್ಳೆ ನೀಲಿ ದಾಳದ ವಸ್ತು ಬರೋ ಹಾಗಿದ್ದರೆ ಕೊಡಿ. ಅದು ಸೋಲಲ್ಲ, ಖರೀದಿ.


ರಾತ್ರಿಪಾಳಿ | ಬುಧವಾರ ಬೆಳಗಿನ ಜಾವ 2:35

ರಜೆ. ಹನ್ನೊಂದನೇ ಆಟ ಈಗ ತಾನೇ ಮುಗೀತು.

ಮೊದಲ ಅಂತಸ್ತಿನಲ್ಲೇ ಎರಡು ನೀಲಿ ಆಯ್ತು. ಮೂರನೇ ಅಂತಸ್ತು ಮೊದಲ ಸಲ ನೋಡಿದೆ. ಮೂರು ಜೀವ ಉಳಿಸಿಕೊಂಡು ಡ್ರ್ಯಾಗನ್ ಎದುರು ನಿಂತೆ. ಕೈಯಲ್ಲಿ ಹನ್ನೊಂದು ದಾಳ, ಡಬ್ಬಿಯಲ್ಲಿ ಹಿಡಿಸಲ್ಲ. ಮೂರನೇ ಸುತ್ತಿಗೆ ಡ್ರ್ಯಾಗನ್ನಿಗೆ ಒಂದೇ ಒಂದು ಏಟು ಬಾಕಿ, ನನಗೆ ಒಂದೇ ಜೀವ. ಎಸೆದೆ. ನೀಲಿ ಎರಡೂ 2. ಚಿಲ್ಲರೆ ಮೊದಲು, ನೋಟು ಆಮೇಲೆ ಅಂತ ಜೋಡಿಸ್ತಾ ಹೋದೆ, ಇಪ್ಪತ್ತು ನಿಮಿಷ. ಒಂದು ಮನೆ ಉಳಿದೇ ಉಳೀತು. ಸತ್ತೆ.

‘ಛೇ!’ ಅಂತ ಜೋರಾಗಿ ಕೂಗಿದೆನಂತೆ. ಅಮ್ಮ ಎದ್ದು ಬಂದು ‘ಯಾರ ಹತ್ತಿರ ಜಗಳ ಆಡ್ತಿದ್ದೀಯ?’ ಅಂತ ಕೇಳಿದರು. ತೋರಿಸಿದೆ. ಪಕ್ಕ ಕೂತು ದಾಳಗಳನ್ನು ನೋಡಿ, ‘ಆ ಗುಲಾಬಿ ಐದು ಯಾಕೆ ಸುಮ್ನೆ ಕೂತಿದೆ?’ ಅಂದರು.


ಲೆಕ್ಕದ_ಮೇಷ್ಟ್ರು | ಬುಧವಾರ 6:30

ಯಾಕೆ ಕೂತಿತ್ತು?


ರಾತ್ರಿಪಾಳಿ | ಬುಧವಾರ 6:41

ನೋಡಿರಲಿಲ್ಲ, ಮೇಷ್ಟ್ರೇ. ಟವೆಲ್ ಮಡಿಕೆಯೊಳಗೆ ಇತ್ತು.


ಗರಬಿತ್ತು | ಬುಧವಾರ 7:02

ಇದು ಇಬ್ಬರೂ ಆಡಬಹುದಾದ ಆಟ ಅಂದಿರಲ್ವಾ? ಅಮ್ಮನಿಗೆ ಬಿಲ್ಲುಗಾತಿ ಕೊಡಿ.


ರಾತ್ರಿಪಾಳಿ | ಬುಧವಾರ 7:10

ಆಗಲೇ ಕೇಳಿದರು. ಕಳ್ಳಿ ಬೇಕಂತೆ.